ಪದಚರ್ಚೆ: ವಿಡಿಯೋದ ‘ಫೀಲ್ಡ್’ಗೆ ‘ಕ್ಷೇತ್ರ’ ಸರಿಯೇ? ‘ಜಡರ್’ಗೆ ಏನೆನ್ನೋಣ?

ಗೆಳೆಯರೇ,

ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿ ತೆಗೆದ ಕ್ಯಾಸೆಟ್‌ಗಳು ಪಾಲ್ ಎಂಬ ಟಿವಿ ಪದ್ಧತಿಯವು. ಅಮೆರಿಕದ ನೆಂಟರ ಹಳೆಯ ಟಿವಿಗೆ ಹೊಂದುವ ಡಿವಿಡಿ ಬೇಕಾದರೆ ಅದನ್ನು ಅಲ್ಲಿ ಬಳಕೆಯಲ್ಲಿದ್ದ ಎನ್‌ಟಿಎಸ್‌ಸಿ ಪದ್ಧತಿಗೆ ಬದಲಿಸಬೇಕು. ಆ ಅಧ್ಯಾಯದಲ್ಲಿ ಎರಡು ಪದ ನನ್ನನ್ನು ತಡೆದು ನಿಲ್ಲಿಸಿವೆ.

ಮೊದಲನೆಯದು ಫೀಲ್ಡ್. ಟಿವಿಯ ಚಿತ್ರ ಅಡ್ಡ ಗೆರೆಗಳಿಂದ ಆದದ್ದು; ಒಂದು ಇಡೀ ಚಿತ್ರವೇ ಫ್ರೇಮ್. ಪಾಲ್‌ನಲ್ಲಿ 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ 29.97 ಫ್ರೇಮ್. ಆದರೆ ಆ ಕಾಲದ ಕ್ಯಾಮೆರಾ ಇಡೀ ಫ್ರೇಮನ್ನು ಒಂದೇ ಏಟಿಗೆ ಹಿಡಿಯುತ್ತಿರಲಿಲ್ಲ. ಒಮ್ಮೆ ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಪಾಲ್‌ನಲ್ಲಿ ಇವೆರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಅಂತರ. ಈ ಒಂದೊಂದು ಸರದಿಯೂ ಒಂದು ಫೀಲ್ಡ್.

‘ಕ್ಷೇತ್ರ’ ಎಂದರೆ ಓದುವವರಿಗೆ ಜಾಗ ನೆನಪಾಗುತ್ತದೆ, ಸರದಿ ಹೊಳೆಯುವುದಿಲ್ಲ. ಜರ್ಮನ್ನರ ‘ಹಾಲ್ಬ್‌ಬಿಲ್ಡ್’ ದಾರಿಯಲ್ಲಿ ‘ಅರೆಚಿತ್ರ’ ಅನ್ನಬಹುದು. ಕಿವಿಗೇನೋ ಚೆನ್ನಾಗಿದೆ. ಆದರೆ ಒಂದೇ ಗಳಿಗೆಯ ಚಿತ್ರವನ್ನು ಎರಡು ಹೋಳು ಮಾಡಿದಂತೆ ಕೇಳಿಸುತ್ತದೆ, ಅಲ್ವಾ? ಕೆಲಸ ಕೆಡುವುದು ಅಲ್ಲೇ. ಹೋಳುಗಳೆಂದುಕೊಂಡು ಎರಡನ್ನೂ ಸುಮ್ನೆ ಜೋಡಿಸಿದರೆ, ಅಕ್ಷತೆ ಎರಚುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತಹ ಗೀರುಗಳು ಏಳುತ್ತವೆ. ಒಂದನ್ನು ಎಸೆದರೆ ಚಲನೆಯ ಅರ್ಧ ಮಾಹಿತಿಯೇ ಹೋಯಿತು. ಸರಿಯಾದ ದಾರಿ ಎಂದರೆ ಪ್ರತಿ ಫೀಲ್ಡನ್ನೂ ತುಂಬು ಚಿತ್ರ ಮಾಡಿಕೊಂಡು, ಸೆಕೆಂಡಿಗೆ 50 ಚಿತ್ರಗಳನ್ನೂ ಉಳಿಸಿಕೊಳ್ಳುವುದು. ಗೆರೆಗಳ ಲೆಕ್ಕ ಹೊಂದಿಸಿ, 50ನ್ನು ಎನ್‌ಟಿಎಸ್‌ಸಿಯ 59.94 ಮಾಡಿ, ಮತ್ತೆ ಬೆಸ-ಸಮವಾಗಿ ಹೆಣೆಯುವುದು ಆಮೇಲಿನ ಮಾತು.

ನನಗೆ ಹಿಡಿಸಿದ ಪದ ‘ಕಂತು’. ಒಂದಾದ ಮೇಲೊಂದು ಬರುವುದು ಅದರಲ್ಲೇ ಇದೆ. ತೊಡಕೆಂದರೆ, ಟಿವಿ ಮಾತು ಬಂದ ಕೂಡಲೇ ಕಂತು ಎಂದರೆ ಧಾರಾವಾಹಿಯ ಕಂತು. ಹಾಗಾಗಿ ‘ಗೆರೆಗಂತು’ ಎಂದು ಬರೆಯೋಣವೆನ್ನಿಸಿದೆ. ಹೀಗೆ ಬೆಸ-ಸಮ ಗೆರೆಗಳನ್ನು ಹೆಣೆಯುವ ಇಂಟರ್‌ಲೇಸ್‌ಗೆ ‘ಹೆಣಿಗೆ’, ಅದನ್ನು ಬಿಡಿಸಿ ತುಂಬು ಚಿತ್ರ ಮಾಡುವ ಡಿಇಂಟರ್‌ಲೇಸ್‌ಗೆ ‘ಹೆಣಿಗೆ ಬಿಡಿಸು’. ಇವುಗಳ ಬಗ್ಗೆ ನನಗೆ ಅನುಮಾನವಿಲ್ಲ.

ಎರಡನೆಯದು ಜಡರ್, ಅಂದರೆ ಚಲನೆ ತಡೆತಡೆದು ಸಾಗಿದಂತೆ ಕಾಣುವ ದೋಷ. 50ನ್ನು 60ರ ಹತ್ತಿರಕ್ಕೆ ಏರಿಸುವ ಸುಲಭದ ಉಪಾಯವೆಂದರೆ ಪ್ರತಿ ಐದನೆಯ ಚಿತ್ರವನ್ನು ಎರಡು ಸಲ ತೋರಿಸುವುದು. ಆಗ ಸೆಕೆಂಡಿಗೆ ಸುಮಾರು ಹತ್ತು ಸಲ ಚಲನೆ ತಡೆದು ಸಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಮಂಟಪದ ಉದ್ದಕ್ಕೂ ತಿರುಗುವಾಗ ಇದು ಎದ್ದು ಕಾಣುತ್ತದೆ. ಅಕ್ಕಪಕ್ಕದ ಚಿತ್ರಗಳನ್ನು ಬೆರೆಸಿದರೆ ತಡೆ ಕಡಿಮೆಯಾಗುತ್ತದೆ, ಆದರೆ ಅಂಚುಗಳು ಎರಡೆರಡಾಗುತ್ತವೆ. ಒಳ್ಳೆಯ ಪರಿವರ್ತಕಗಳು ಚಿತ್ರದ ಪ್ರತಿ ಭಾಗ ಎತ್ತ ಸರಿಯಿತೆಂದು ಅಳೆದು, ನಡುವಿನ ಗಳಿಗೆಯ ಹೊಸ ಚಿತ್ರ ಕಟ್ಟುತ್ತವೆ. 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಬಿಬಿಸಿ ಎಂಜಿನಿಯರುಗಳು ಇದೇ 60-50ರ ಗಂಟನ್ನು ಎದುರು ದಿಕ್ಕಿನಿಂದ, ಅಂದರೆ 60ನ್ನು 50ಕ್ಕೆ ಇಳಿಸುತ್ತ, ಬಿಡಿಸಬೇಕಾಗಿತ್ತು. ಕಂಪ್ಯೂಟರು ಮೇಜಿಗೆ ಬರುವ ಮೊದಲೇ ನೇರ ಪ್ರಸಾರಕ್ಕೆ ಒಗ್ಗುವ ಯಂತ್ರ ಕಟ್ಟಿದ ಅವರ ಕೆಲಸ ನನಗೆ ಈಗಲೂ ಬೆರಗೆನಿಸುತ್ತದೆ.

ಈ ತಡೆತಡೆದು ಸಾಗುವುದಕ್ಕೆ ಹೆಸರೇನು? ‘ನಡುಕ’, ‘ಕುಲುಕಾಟ’ ಎಂದರೆ ಕ್ಯಾಮೆರಾ ಹಿಡಿದ ಕೈಯ ತಪ್ಪಾಗುತ್ತದೆ. ‘ಮಿನುಗು’ ಬೆಳಕಿನದು. ಜನ ಹೇಳುವ ‘ಸ್ಟ್ರಕ್ ಆಗುತ್ತೆ’ ಪೂರಾ ನಿಂತುಹೋಗುವುದಕ್ಕೂ ಸಲ್ಲುತ್ತದೆ. ಗಾಡಿ ‘ಜಗ್ಗಿ ಜಗ್ಗಿ ಹೋಗುತ್ತೆ’ ಅನ್ನುವ ಮಾತು ಅರ್ಥಕ್ಕೆ ತುಂಬ ಹತ್ತಿರ. ಆದರೆ ‘ಜಗ್ಗಾಟ’ ಎಂದು ನಾಮಪದ ಮಾಡಿದೊಡನೆ ಹಗ್ಗ ಬಂದು ಸೇರುತ್ತದೆ. ಸದ್ಯಕ್ಕೆ ‘ಮುಗ್ಗರಿಕೆ’ ಎಂದು ಬರೆದಿಟ್ಟಿದ್ದೇನೆ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಇದಕ್ಕೆ ಏನೆನ್ನುತ್ತೀರಿ? ಸ್ಟುಡಿಯೋ ಎಡಿಟಿಂಗ್ ಮಾಡಿದವರ ಬಾಯಲ್ಲಿ ಬೇರೆ ಪದ ಇದ್ದರೆ, ಅದನ್ನು ಯಾವ ವಾಕ್ಯದಲ್ಲಿ ಬಳಸುತ್ತಿದ್ದರೆಂದೂ ದಯವಿಟ್ಟು ಬರೆಯಿರಿ.