ವಾಷಿಂಗ್ ಯೂನಿಟ್‌ಗೆ ಎಲ್‌ಎನ್‌ಜಿ ಟ್ಯಾಂಕ್: ಪರ್ಮಿಷನ್ ಮೊದಲಾ, ಟ್ಯಾಂಕ್ ಮೊದಲಾ?

ಬಳ್ಳಾರಿ ವಾಷಿಂಗ್:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ವಾಷಿಂಗ್ ಯೂನಿಟ್. ಬಾಯ್ಲರ್‌ಗೆ ಇವತ್ತಿಗೂ ಕಟ್ಟಿಗೆಯೇ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಬಂದರೆ ಸ್ಟೀಮ್ ಏರುವುದಿಲ್ಲ, ಹೊಗೆ ಮಾತ್ರ ಅಕ್ಕಪಕ್ಕದ ಮನೆಗಳಿಗೆಲ್ಲ ತುಂಬುತ್ತದೆ. ಪೈಪ್‌ಲೈನ್ ಗ್ಯಾಸ್ ನಮ್ಮ ರಸ್ತೆಗೆ ಬಂದಿಲ್ಲ. ಟ್ಯಾಂಕರ್‌ನಲ್ಲಿ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವವಾಗಿಸಿದ ನೈಸರ್ಗಿಕ ಅನಿಲ) ಕೊಡುತ್ತೇವೆ ಅಂತ ಒಬ್ಬ ಸಪ್ಲೈಯರ್ ಬಂದಿದ್ದಾರೆ. "ಅಡ್ವಾನ್ಸ್ ಕೊಡಿ, ಮೊದಲು ಟ್ಯಾಂಕ್ ಕೂರಿಸೋಣ, ಪರ್ಮಿಷನ್ ಆಮೇಲೆ ನೋಡಿಕೊಳ್ಳೋಣ" ಅಂತಾರೆ. ಒಪ್ಪಬಹುದಾ?

ಗಿಣಿಗೇರಾ ಸೇಫ್ಟಿ:
ಅಣ್ಣ, ಒಪ್ಪಲೇಬೇಡಿ. ನಾನು ಕೊಪ್ಪಳ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಇದೇ ಫೈಲ್ ಹಿಡಿದು ಓಡಾಡಿದ್ದೇನೆ.

ಈ ಟ್ಯಾಂಕ್‌ಗೆ ಲೈಸೆನ್ಸ್ ಕೊಡುವುದು ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಹೆಡ್ ಆಫೀಸ್ ನಾಗಪುರ. ಒತ್ತಡದ ಗ್ಯಾಸ್ ಟ್ಯಾಂಕ್‌ಗಳಿಗೆ ಇರುವ 2016ರ ಎಸ್‌ಎಂಪಿವಿ ನಿಯಮ ಇದಕ್ಕೆ ಅನ್ವಯಿಸುತ್ತದೆ. ಮೊದಲು ನಕ್ಷೆಗೆ ಒಪ್ಪಿಗೆ, ಆಮೇಲೆ ಕಟ್ಟುವ ಕೆಲಸ, ನಂತರ ಟೆಸ್ಟ್ ಸರ್ಟಿಫಿಕೇಟ್, ಕೊನೆಗೆ ಲೈಸೆನ್ಸ್. ಅದು ಕೈಗೆ ಬರುವವರೆಗೂ ಗ್ಯಾಸ್ ತುಂಬುವ ಹಾಗಿಲ್ಲ.

ಹಾಗಾಗಿ ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ. ಕಾಂಪೌಂಡ್‌ಗೆ, ಬಾಯ್ಲರ್‌ಗೆ, ಪಕ್ಕದವರ ಗೋಡೆಗೆ ಎಷ್ಟು ದೂರ ಬಿಡಬೇಕು ಅಂತ ಟ್ಯಾಂಕ್ ಸೈಜ್ ಮೇಲೆ ನಿಗದಿಯಾಗಿದೆ. ಟ್ಯಾಂಕರ್ ಬಂದು ತಿರುಗಲು ಜಾಗ ಬೇರೆ ಬೇಕು. ಗೋಡೆಗೆ ಗೋಡೆ ಅಂಟಿಕೊಂಡ ಯೂನಿಟ್ ಆಗಿದ್ದರೆ ದುಡ್ಡಿದ್ದರೂ ಟ್ಯಾಂಕ್ ಕೂರುವುದಿಲ್ಲ.

ಇನ್ನೊಂದು, ನಿಮ್ಮಲ್ಲಿ ಬಣ್ಣದ ನೀರಿನ ಚರಂಡಿ ಎಲ್ಲ ಕಡೆ ಹರಿಯುತ್ತದೆ, ಅಲ್ವಾ? ನನಗೆ ಭಯ ಅದರದ್ದೇ. ಎಲ್‌ಎನ್‌ಜಿ ಅಂದರೆ ಮೈನಸ್ 162 ಡಿಗ್ರಿಯ ದ್ರವ. ಒಂದು ಲೀಟರ್ ಚೆಲ್ಲಿದರೆ ಸುಮಾರು 600 ಲೀಟರ್ ಗ್ಯಾಸ್ ಆಗುತ್ತದೆ. ತಣ್ಣಗಿರುವಾಗ ಅದು ಮೇಲೆ ಹೋಗದೆ ಬಿಳಿ ಮಂಜಿನಂತೆ ನೆಲ ಹಿಡಿದು ಹರಿಯುತ್ತದೆ, ಚರಂಡಿಗೂ ಇಳಿಯುತ್ತದೆ. ಅಡುಗೆ ಸಿಲಿಂಡರ್‌ನಲ್ಲಿ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೇ ಇಲ್ಲ. ಸೋರಿಕೆಯನ್ನು ಡಿಟೆಕ್ಟರ್ ಮಾತ್ರ ಹೇಳಬೇಕು. ಟ್ಯಾಂಕ್ ಸುತ್ತ ತಡೆಗೋಡೆ ಕೇಳುವುದು ಸುಮ್ನೆ ಅಲ್ಲ. ನಕ್ಷೆಯಲ್ಲಿ ಒಂದೊಂದು ಚರಂಡಿಯನ್ನೂ ತೋರಿಸಿ, ಮುಚ್ಚಿಡಬೇಡಿ.

ರಾಯಚೂರು ಬಾಯ್ಲರ್:
ಮೇಲಿನವರು ಹೇಳಿದ್ದು ನಿಜ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಯೂನಿಟ್ ನಡೆಸಲು ಕೊಟ್ಟ ಒಪ್ಪಿಗೆ ಪತ್ರ) ತೆಗೆದು ನೋಡಿ, ಇಂಧನದ ಜಾಗದಲ್ಲಿ ಕಟ್ಟಿಗೆ ಅಂತ ಇರುತ್ತದೆ. ಅದನ್ನು ಬದಲಾಯಿಸಬೇಕು. ಬರ್ನರ್ ಹಾಕುವ ಮೊದಲು ಬಾಯ್ಲರ್ ಇಲಾಖೆಗೂ ತಿಳಿಸಿ. ಫೈರ್‌ನವರದ್ದು, ಜಮೀನು ಎನ್‌ಎ (ಕೃಷಿಯೇತರ) ಆದ ಕಾಗದ ಕೂಡ ಫೈಲ್‌ನಲ್ಲಿ ಇರಲಿ.

ಬಳ್ಳಾರಿ ವಾಷಿಂಗ್:
ತುಂಬಾ ಉಪಕಾರ ಆಯ್ತು. ಟ್ಯಾಂಕ್ ತಮ್ಮದೇ, ನೀವು ಗ್ಯಾಸ್ ದುಡ್ಡು ಮಾತ್ರ ಕೊಡಿ ಅಂತಾರೆ ಸಪ್ಲೈಯರ್. ಹಾಗಾದರೆ ಜವಾಬ್ದಾರಿ ಯಾರದ್ದು?

ಗಿಣಿಗೇರಾ ಸೇಫ್ಟಿ:
ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಪೆಸೊಗೆ ಉತ್ತರ ಕೊಡಬೇಕು. ಆದರೆ ಅಲ್ಲಿ ರಾತ್ರಿ ಪಾಳಿ ಮಾಡುವವರು ನಿಮ್ಮ ಹುಡುಗರು. ಸೇಫ್ಟಿ ವಾಲ್ವ್ ಟೆಸ್ಟ್ ಯಾರು ಮಾಡಿಸಬೇಕು, ಟ್ಯಾಂಕರ್ ಖಾಲಿ ಮಾಡುವಾಗ ಯಾರು ನಿಲ್ಲಬೇಕು, ಹುಡುಗರಿಗೆ ಟ್ರೈನಿಂಗ್ ಯಾರು ಕೊಡಬೇಕು, ಮೂರನ್ನೂ ಅಗ್ರಿಮೆಂಟ್‌ನಲ್ಲಿ ಬರೆಸಿ. ನಕ್ಷೆ ರೆಡಿಯಾದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.