ಮಗನ ಕಂಪ್ಯೂಟರ್‌ಗೆ ರಾತ್ರಿ ಹನ್ನೊಂದಕ್ಕೆ ಕಡಿವಾಣ: ಟೈಮರ್ ಹಾಕಿದವರು ಹೇಳಿ

ಪ್ರಶ್ನೆ, ಮೈಸೂರಿನಿಂದ
ಮಗ ಮೊದಲ ಪಿಯುಸಿ. ಡೆಸ್ಕ್‌ಟಾಪ್‌ನಲ್ಲಿ ಗೆಳೆಯರ ಜೊತೆ ರಾತ್ರಿ ಎರಡರ ತನಕ ಗೇಮ್ ಆಡುತ್ತಾನೆ. ಸಮಯ ಮಿತಿಯ ಸಾಫ್ಟ್‌ವೇರ್ ಹಾಕಿಸಿದ್ದೆ. ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅದನ್ನು ತೆಗೆದುಬಿಟ್ಟ. ಪ್ಲಗ್‌ಗೆ ಹಾಕುವ ಟೈಮರ್ ತರಹದ್ದು ಬಳಸಿದವರು ಇದ್ದೀರಾ? ಹಾಕುವಾಗ ಏನೇನು ನೋಡಿಕೊಳ್ಳಬೇಕು?

ದಾವಣಗೆರೆಯಿಂದ
ಅಕ್ಕಾ, ಟೈಮರ್ ತನ್ನಿ, ಆದರೆ ಸಿಪಿಯು ಪ್ಲಗ್‌ಗೆ ಮಾತ್ರ ಬೇಡ. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ವಿಂಡೋಸ್ ಕೆಟ್ಟು ಕೂರಬಹುದು. ಅವನು ಬರೆಯುತ್ತಿದ್ದ ಪ್ರಾಜೆಕ್ಟ್ ಹೋದರೆ ಜಗಳಕ್ಕೆ ಅದೇ ಸಾಕು. ಆಡುವುದು ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಅಲ್ವಾ? ಟೈಮರನ್ನು ರೂಟರ್‌ನ ಅಡಾಪ್ಟರ್‌ಗೆ ಹಾಕಿ. ನೆಟ್ ನಿಂತರೆ ಆಟವೂ ನಿಲ್ಲುತ್ತದೆ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ 24 ಗಂಟೆಯ ಮೆಕ್ಯಾನಿಕಲ್ ಟೈಮರ್ ಸಿಗುತ್ತದೆ. ಗುಂಡಗಿನ ಡಯಲ್, ಸುತ್ತ 96 ಪಿನ್, ಒಂದೊಂದು ಪಿನ್ 15 ನಿಮಿಷ. ಇದರ ದೊಡ್ಡ ತೊಂದರೆ ಏನೆಂದರೆ, ಡಯಲ್ ತಿರುಗುವುದೇ ಕರೆಂಟಿನಿಂದ. ಸಂಜೆ ಎರಡು ಗಂಟೆ ಕರೆಂಟ್ ಹೋದರೆ ಡಯಲ್ಲೂ ಎರಡು ಗಂಟೆ ನಿಂತಿರುತ್ತದೆ. ಹನ್ನೊಂದಕ್ಕೆ ನಿಲ್ಲಬೇಕಾದ ನೆಟ್ ಒಂದಕ್ಕೆ ನಿಲ್ಲುತ್ತದೆ. ಇನ್ವರ್ಟರ್ ಲೈನಿನ ಸಾಕೆಟ್ ಇದ್ದರೆ ಅಲ್ಲಿಗೆ ಹಾಕಿ. ಇಲ್ಲದಿದ್ದರೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ. ಪಕ್ಕದಲ್ಲಿ ಸದಾ ಆನ್ ಇಡುವ ಪುಟ್ಟ ಸ್ವಿಚ್ ಇರುತ್ತದೆ, ಅದು ಹುಡುಗರ ಕಣ್ಣಿಗೆ ಮೊದಲು ಬೀಳುತ್ತದೆ. ಆದ್ದರಿಂದ ರೂಟರ್ ಮತ್ತು ಟೈಮರ್ ಎರಡೂ ನೀವು ಮಲಗುವ ಕೋಣೆಯಲ್ಲಿರಲಿ.

ಪ್ರಶ್ನೆ ಕೇಳಿದವರು
ನಮ್ಮ ರೂಟರ್‌ಗೆ ಚಿಕ್ಕ ಯುಪಿಎಸ್ ಇದೆ. ಜೊತೆಗೆ ಯಜಮಾನರಿಗೆ ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇರುತ್ತದೆ.

ಬೆಂಗಳೂರಿನಿಂದ
ಹಾಗಾದರೆ ಟೈಮರ್ ನಿಮಗೆ ಆಗುವುದಿಲ್ಲ ಮೇಡಂ. ಟೈಮರ್ ಕರೆಂಟ್ ನಿಲ್ಲಿಸಿದರೂ ಯುಪಿಎಸ್ ಬ್ಯಾಟರಿ ಮೇಲೆ ರೂಟರ್ ನಡೆಯುತ್ತಲೇ ಇರುತ್ತದೆ. ಯುಪಿಎಸ್ ದಾಟಿದ ಮೇಲೆ ಬರುವುದು ಡಿಸಿ, ಅಲ್ಲಿ ಈ ಟೈಮರ್ ಕೂರುವುದೂ ಇಲ್ಲ. ನಿಮಗೆ ಬೇಕಾದದ್ದು ಒಂದೇ ಕಂಪ್ಯೂಟರ್‌ಗೆ ನೆಟ್ ನಿಲ್ಲಿಸುವುದು. ಬಹಳಷ್ಟು ರೂಟರ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಪೇರೆಂಟಲ್ ಕಂಟ್ರೋಲ್ ಅಥವಾ ಆಕ್ಸೆಸ್ ಶೆಡ್ಯೂಲ್ ಅನ್ನುವ ಹೆಸರಿನಲ್ಲಿ ಹುಡುಕಿ.

ಮೊದಲು ರೂಟರ್‌ನ ಗಡಿಯಾರ ನೋಡಿ. ಟೈಮ್ ಝೋನ್ ಜಿಎಂಟಿಯಲ್ಲೇ ಇದ್ದರೆ ನೀವು ಹಾಕಿದ ರಾತ್ರಿ 11 ನಮ್ಮ ಬೆಳಗಿನ 4:30ಕ್ಕೆ ಬರುತ್ತದೆ. ಅದನ್ನು +5:30 ಮಾಡಿ. ಮತ್ತೆ, ರೂಟರ್ ಕಂಪ್ಯೂಟರನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆಯಿಂದ. ವಿಂಡೋಸ್‌ನಲ್ಲಿ ವೈಫೈ ಬಳಸುವಾಗ ಅದನ್ನು ಬದಲಿಸುವ ಆಯ್ಕೆ ಇದೆ, ಫೋನ್‌ಗಳಲ್ಲೂ ಇದೆ. ಹೀಗೆ ಬದಲಿಸಿದರೆ ರೂಟರ್‌ಗೆ ಅದು ಯಾರದೋ ಹೊಸ ಯಂತ್ರದಂತೆ ಕಾಣುತ್ತದೆ. ಅದಕ್ಕೇ ಹುಡುಗನದ್ದೊಂದನ್ನು ತಡೆಯುವ ಬದಲು, ಹನ್ನೊಂದರ ನಂತರ ಯಜಮಾನರ ಲ್ಯಾಪ್‌ಟಾಪ್ ಮತ್ತು ನಿಮ್ಮ ಫೋನ್ ಬಿಟ್ಟು ಉಳಿದ ಎಲ್ಲವನ್ನೂ ತಡೆಯಿರಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು ಮರೆಯಬೇಡಿ. ಹಿಂದಿನ ರೀಸೆಟ್ ರಂಧ್ರಕ್ಕೆ ಪಿನ್ ಚುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಪೆಟ್ಟಿಗೆ ನಿಮ್ಮ ಕೋಣೆಯಲ್ಲೇ ಇರಬೇಕು, ದಾವಣಗೆರೆಯವರ ಆ ಮಾತು ಸರಿ. ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆಯಲ್ಲಿ ಈ ಮೆನು ಕಾಣದಿದ್ದರೆ ಅದರ ಹಿಂದೆ ನಿಮ್ಮದೇ ಒಂದು ರೂಟರ್ ಹಾಕಿ. ಹಳೆಯದರ ವೈಫೈ ಆಫ್ ಮಾಡಿ.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಕಾರ್ಡ್ ಮೇಲೆ ಪೈ-ಹೋಲ್ ಅನ್ನುವ ಸೈಟ್ ತಡೆಯುವ ಸಾಫ್ಟ್‌ವೇರ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ನನಗೂ ಅದು ಇಷ್ಟ, ಜಾಹೀರಾತು ತಡೆಯಲು ಚೆನ್ನಾಗಿದೆ. ಆದರೆ ಅದು ನೋಡಿಕೊಳ್ಳುವುದು ಸೈಟ್ ಹೆಸರುಗಳನ್ನು ಮಾತ್ರ. ವಿಂಡೋಸನ್ನೇ ಮತ್ತೆ ಹಾಕಿದ ಹುಡುಗ ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ಗೂಗಲ್‌ನ 8.8.8.8 ಅಂತ ಬರೆದರೆ ಅದರ ಕೆಲಸ ಮುಗಿಯಿತು.

ಶಿವಮೊಗ್ಗದಿಂದ
ನಾನು ಟೈಮರ್ ಹಾಕಿಕೊಂಡಿರುವುದು ನನಗೇ. ಆಫೀಸ್ ಕೆಲಸ ಮುಗಿದರೂ ಸುಮ್ನೆ ವಿಡಿಯೋ ನೋಡುತ್ತಾ ಕೂರುವ ಚಾಳಿ. ನನ್ನ ಟೈಮರ್ ಇರುವುದು ಮಾನಿಟರ್‌ಗೆ. ಸಿಪಿಯು ಚಾಲೂ ಇರುತ್ತದೆ, ಫೈಲ್ ಹೋಗುವುದಿಲ್ಲ, ಪರದೆ ಮಾತ್ರ ಕಪ್ಪು. ನೆಟ್ ಇಲ್ಲದ ಆಟಕ್ಕೂ ಇದು ಕೆಲಸ ಮಾಡುತ್ತದೆ. ಬೇರೆ ಸಾಕೆಟ್‌ಗೆ ಚುಚ್ಚಿದರೆ ಆಯಿತು ಅನ್ನುವುದು ನಿಜ, ಆದರೆ ಎದ್ದು ಬಗ್ಗಿ ಚುಚ್ಚುವಷ್ಟರಲ್ಲಿ ನನಗೆ ಬುದ್ಧಿ ಬರುತ್ತದೆ. ಪಿಯುಸಿ ಹುಡುಗನಿಗೆ ಬರುತ್ತದೆ ಅಂತ ಹೇಳಲಾರೆ.

ಉಡುಪಿಯಿಂದ
ಎಲ್ಲ ಸರಿ, ಅವನ ಫೋನಿನ ಹಾಟ್‌ಸ್ಪಾಟ್? ಯುಎಸ್‌ಬಿ ಕೇಬಲ್ ಹಾಕಿದರೆ ಅದೇ ನೆಟ್. ಆ ಫೋನ್ ರಾತ್ರಿ ಎಲ್ಲಿ ಚಾರ್ಜ್ ಆಗುತ್ತದೆ ಅನ್ನುವುದನ್ನೂ ತೀರ್ಮಾನ ಮಾಡಿ. ಇನ್ನೊಂದು, ಕದ್ದುಮುಚ್ಚಿ ಹಾಕಬೇಡಿ. ಎಷ್ಟು ಗಂಟೆಗೆ ನಿಲ್ಲಬೇಕು ಅಂತ ಅವನನ್ನೇ ಕೇಳಿ. ನಮ್ಮ ಮಗಳು ಹನ್ನೊಂದೂವರೆ ಅಂದಳು, ಶನಿವಾರ ಒಂದು ಗಂಟೆ ಅಂದಳು. ಒಪ್ಪಿದೆವು. ಆಟದ ನಡುವೆ ಕಟ್ ಆದರೆ ತಂಡದವರ ಬೈಗುಳ ಅವಳಿಗೇ, ಅದಕ್ಕೆ ಹತ್ತು ನಿಮಿಷ ಮೊದಲು ಮೊಬೈಲ್ ಅಲಾರಾಂ ತಾನೇ ಇಟ್ಟುಕೊಂಡಿದ್ದಾಳೆ.

ಪ್ರಶ್ನೆ ಕೇಳಿದವರು
ರೂಟರ್ ಮೆನು ಸಿಕ್ಕಿತು. ಗಡಿಯಾರ ಜಿಎಂಟಿಯಲ್ಲೇ ಇತ್ತು! ಈ ವಾರ ಇದನ್ನೇ ಹಾಕಿ ನೋಡುತ್ತೇನೆ. ಫೋನಿನ ವಿಷಯ ಇವತ್ತು ಊಟಕ್ಕೆ ಕೂತಾಗ ಮಾತಾಡಬೇಕು.