ಬೇಸಿಗೆಯಲ್ಲಿ ನಮ್ಮ ಬಡಾವಣೆ ಉದ್ಯಾನದಲ್ಲಿ ನಾಲ್ಕು ಸಂಗೀತ ಕಾರ್ಯಕ್ರಮ, ಎಲ್ಲರಿಗೂ ಉಚಿತ. ಹೇಗೆ ನಡೆಸೋದು?

ಗೋಕುಲರಸ್ತೆ_ಟೀಚರ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನಗೆ ಹಾಡಲು ಬರುವುದಿಲ್ಲ, ಕೇಳಲು ಬರುತ್ತದೆ. ಅದನ್ನು ಕಲಿಸಿದವರು ನಮ್ಮಪ್ಪ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ಇರುತ್ತದಲ್ವಾ, ಅಲ್ಲಿಗೆ ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ ಕೂಡ ಪಾಠಕ್ಕೆಂದು ಹುಬ್ಬಳ್ಳಿಯಿಂದ ಇದೇ ರೈಲು ಹತ್ತುತ್ತಿದ್ದರು ಎಂದು ದಾರಿಯಲ್ಲಿ ಹೇಳುತ್ತಿದ್ದರು. ನಡುರಾತ್ರಿಗೆ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಬೆಳಗಿನ ಜಾವ ಎಚ್ಚರವಾದಾಗ ಇನ್ನೂ ಯಾರೋ ಹಾಡುತ್ತಲೇ ಇರುತ್ತಿದ್ದರು. ಅಲ್ಲಿ ಯಾರೂ ಟಿಕೆಟ್ ಕೇಳಿದ್ದಿಲ್ಲ, ನೀವು ಯಾರ ಮಂದಿ ಎಂದೂ ಕೇಳಿದ್ದಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಉದ್ಯಾನದಲ್ಲೇ ಒಂದು ಸಂಸ್ಥೆಯವರು ಉಚಿತ ಸಂಗೀತ ಸಂಜೆ ಇಟ್ಟುಕೊಂಡಿದ್ದರು. ಭಾಳ ಆಸೆಯಿಂದ ಹೋಗಿದ್ದೆ. 6 ಗಂಟೆಗೆ ಶುರು ಎಂದಿದ್ದು 7ಕ್ಕೆ ಶುರುವಾಯಿತು. ಆಮೇಲೆ ಸ್ವಾಗತ, ಹಾರ ತುರಾಯಿ, ಒಬ್ಬರಾದ ಮೇಲೆ ಒಬ್ಬರ ಭಾಷಣ. ಗಾಯಕಿ ಯಮನ್ ರಾಗ ತೆಗೆದುಕೊಂಡಾಗ 8 ದಾಟಿತ್ತು. ಆಕೆ ಇನ್ನೂ ಗಂಧಾರ ಸ್ವರದ ಹತ್ತಿರ ನಿಧಾನವಾಗಿ ಅಡ್ಡಾಡುತ್ತಿದ್ದರು. ಅಷ್ಟರಲ್ಲಿ ಒಬ್ಬರು ಬಂದು ಚೀಟಿ ಕೊಟ್ಟರು. ಮುಗಿಸಿ ಎಂದು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಕೊನೆಗೆ ಶಾಲು, ಹಣ್ಣಿನ ಬುಟ್ಟಿ. ನಾನು ಆಕೆಯನ್ನು ಬಸ್ ನಿಲ್ದಾಣಕ್ಕೆ ಬಿಡಲು ಆಟೊದಲ್ಲಿ ಜೊತೆಗೆ ಹೋದೆ. ತಂಬೂರಿ ನಮ್ಮಿಬ್ಬರ ನಡುವೆ, ಹಳದಿ ಪ್ಲಾಸ್ಟಿಕ್ ಸುತ್ತಿದ ಆ ಬುಟ್ಟಿ ಆಕೆಯ ತೊಡೆಯ ಮೇಲೆ. ಸಂಭಾವನೆ ಬಿಡಿ, ಬಸ್ ಚಾರ್ಜೂ ಕೊಟ್ಟಿರಲಿಲ್ಲ. ಆಕೆ ಒಂದು ಮಾತೂ ಆಡಲಿಲ್ಲ. ತಂಬೂರಿಗೆ ಪೆಟ್ಟಾಗದಂತೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಈ ಸಲ ನಮ್ಮ ಓಣಿಯ ಹನ್ನೊಂದು ಮನೆಯವರು ಸೇರಿದ್ದೇವೆ. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಶನಿವಾರ ಮಾಡೋಣ ಎಂದಿದೆ. ಬೇವಿನ ಮರದ ಕೆಳಗೆ ಒಂದು ಕಟ್ಟೆ ಇದೆ, ಎದುರಿಗೆ ನೂರೈವತ್ತು ಮಂದಿ ಕೂರಬಹುದು. ಭಾಷಣ ಇಲ್ಲವೇ ಇಲ್ಲ. ಆದರೆ ಉಳಿದದ್ದು ಗೊತ್ತಿಲ್ಲ. ಸಂಜೆ ಮಾಡಬೇಕೋ ಬೆಳಿಗ್ಗೆಯೋ? ಮೈಕ್ ಎಂಥದ್ದು ಬೇಕು? ಯಾರ ಅನುಮತಿ ತೆಗೆದುಕೊಳ್ಳಬೇಕು? ಕಲಾವಿದರ ಹತ್ತಿರ ದುಡ್ಡಿನ ಮಾತು ಹೇಗೆ ಆಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ತಬಲಾ_ಸಪ್ತಾಪುರ (ಧಾರವಾಡ)

ಟೀಚರ್, ನಮಸ್ಕಾರ. ನಾನು ಗಾಯಕರ ಜೊತೆ ತಬಲಾ ಸಾಥಿ ಮಾಡುವವನು, ಮನೆಯಲ್ಲಿ ಹುಡುಗರಿಗೆ ಪಾಠವೂ ಇದೆ. ನಿಮ್ಮ ಆಟೊದ ಕಥೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಥ ಬುಟ್ಟಿ ನಾನೂ ಎಷ್ಟೋ ಹೊತ್ತು ತಂದಿದ್ದೇನೆ.

ಮೊದಲು ದುಡ್ಡಿನ ಮಾತೇ ಆಡುತ್ತೇನೆ. ಕಾರ್ಯಕ್ರಮ ಕೇಳುವವರಿಗೆ ಉಚಿತ, ಹಾಡುವವರಿಗೆ ಅಲ್ಲ. ಇದೊಂದು ನಿಮ್ಮ ಹನ್ನೊಂದು ಮನೆಯವರಿಗೂ ಮನದಟ್ಟಾಗಬೇಕು. ಮೊದಲ ಫೋನಿನಲ್ಲೇ "ನಮ್ಮ ಹತ್ತಿರ ಇಷ್ಟು ಆಗುತ್ತದೆ, ಹೋಗಿ ಬರುವ ಖರ್ಚು ಬೇರೆ" ಎಂದು ಬಾಯಿಬಿಟ್ಟು ಹೇಳಿ. ಕಡಿಮೆ ಇದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಏನೂ ಹೇಳದೆ ಕರೆಸಿ ಕೊನೆಗೆ ಶಾಲು ಹೊದಿಸಿದರೆ ಮನಸ್ಸು ಮುರಿಯುತ್ತದೆ. ಲಕೋಟೆಯನ್ನು ಕಾರ್ಯಕ್ರಮಕ್ಕೆ ಮೊದಲೇ, ಚಹಾ ಕುಡಿಯುವ ಹೊತ್ತಿಗೆ ಕೊಟ್ಟುಬಿಡಿ. ತಬಲಾ, ಹಾರ್ಮೋನಿಯಂನವರಿಗೆ ಬೇರೆ ಲಕೋಟೆ ಇರಲಿ. ನಮ್ಮ ಪಾಲನ್ನು ಗಾಯಕರ ಕೈಗೆ ಕೊಟ್ಟರೆ ಅವರಿಗೂ ಮುಜುಗರ, ನಮಗೂ ಮುಜುಗರ.

ಇನ್ನು ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು 6:45ರ ಆಸುಪಾಸು. 6:30ಕ್ಕೆ ಸರಿಯಾಗಿ ಶುರು ಮಾಡಿದರೆ ಸಂಧಿಕಾಲದ ರಾಗ ಸಿಗುತ್ತದೆ. ಮಾರವಾ, ಪೂರಿಯಾ ಧನಾಶ್ರೀ, ಶ್ರೀ. ಮಾರವಾದಲ್ಲಿ ಪಂಚಮ ಸ್ವರವೇ ಇಲ್ಲ, ಮೂಲ ಸ್ವರವಾದ ಷಡ್ಜಕ್ಕೂ ಬೇಗ ಬಂದು ಕೂರುವುದಿಲ್ಲ. ಸೂರ್ಯ ಹೋದ, ದೀಪ ಇನ್ನೂ ಹಚ್ಚಿಲ್ಲ, ಮನೆಗೆ ಬರಬೇಕಾದವರು ಬಂದಿಲ್ಲ, ಆ ಹೊತ್ತಿನ ತಳಮಳ ಅದು. ಸಭಾಂಗಣದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೇಳಿದರೆ ಇದು ಅರ್ಧವೇ ತಿಳಿಯುತ್ತದೆ. ಮರದ ಕೆಳಗೆ ಕೂತು, ಹಕ್ಕಿ ಗೂಡಿಗೆ ಬರುವಾಗ, ಬೆಳಕು ಕಣ್ಣೆದುರೇ ಇಳಿಯುವಾಗ ಕೇಳಿ ನೋಡಿ. ಕತ್ತಲಾದ ಮೇಲೆ ಯಮನ್, ಭೂಪಾಲಿ, ಹಮೀರ್ ಯಾವುದಾದರೂ ಬರಲಿ. ಬಯಲಿನಲ್ಲಿ ಮಾಡುವುದರ ದೊಡ್ಡ ಲಾಭ ಇದೇ ಎನ್ನುತ್ತೇನೆ. ರಾಗಕ್ಕೆ ಅದರ ಹೊತ್ತು ಸಿಗುತ್ತದೆ.

ನಾಲ್ಕರಲ್ಲಿ ಒಂದನ್ನು ಭಾನುವಾರ ಬೆಳಿಗ್ಗೆ 6:30ಕ್ಕೆ ಇಡಿ. ತಂಪು ಇರುತ್ತದೆ, ವಾಕಿಂಗ್ ಬಂದವರು ತಾವಾಗಿಯೇ ನಿಲ್ಲುತ್ತಾರೆ. ಬೆಳಗಿನ ರಾಗಗಳಾದ ಅಹಿರ್ ಭೈರವ್, ತೋಡಿ ಕೇಳದೆ ಬೆಳೆದ ಮಕ್ಕಳು ನಮ್ಮೂರಲ್ಲೇ ಎಷ್ಟಿದ್ದಾರೆ! ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ ಊರು ಇದು.

ಇನ್ನೊಂದು ಸಣ್ಣ ವಿಷಯ. ದಯವಿಟ್ಟು ಕಟ್ಟೆಯ ಮೇಲೆ ದೊಡ್ಡ ಫ್ಯಾನ್ ಇಡಬೇಡಿ. ಸೆಖೆ ಎಂದು ಪ್ರೀತಿಯಿಂದಲೇ ತಂದಿಡುತ್ತಾರೆ. ಆದರೆ ತಬಲಾದ ಪುಡಿ ಅಂದರೆ ಚರ್ಮ. ಒಣ ಗಾಳಿ ತಾಗಿದರೆ ಬಿಗಿದು ಸ್ವರ ಮೇಲೆ ಹೋಗುತ್ತದೆ, ಮಳೆಯ ತೇವ ಬಂದರೆ ಸಡಿಲವಾಗುತ್ತದೆ. ಹವೆ ಬದಲಾದರೆ ತಂಬೂರಿಯ ಶ್ರುತಿಯೂ ಜಾರುತ್ತದೆ. ಅದಕ್ಕೇ ಅರ್ಧ ತಾಸು ಮೊದಲು ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ, ವಾದ್ಯಗಳು ಅಲ್ಲಿನ ಹವೆಗೆ ಹೊಂದಿಕೊಳ್ಳಲಿ. ನಾವು ಸುತ್ತಿಗೆಯಿಂದ ತಟ್ಟುತ್ತಾ ಕೂತಾಗ "ಇನ್ನೂ ಶುರು ಆಗಿಲ್ವಾ" ಎಂದು ಮಂದಿ ಗೊಣಗುತ್ತಾರೆ. ಮಕ್ಕಳಿದ್ದರೆ ಹತ್ತಿರ ಕರೆದು ಅದನ್ನೇ ತೋರಿಸಿ. ಶ್ರುತಿ ಕೂಡುವ ಆ ಗಳಿಗೆ ಅವರಿಗೂ ಕೇಳಿಸುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ.

ಮೈಕ್‌ಸೆಟ್_ಗದಗ

ಅಕ್ಕಾವ್ರೇ, ಮೈಕಿನದು ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ನಿಮ್ಮೂರಲ್ಲಿ ಮೈಕ್‌ಸೆಟ್‌ನವರಿಗೆ ಹೇಳಿದರೆ ಗಣಪತಿ ಮೆರವಣಿಗೆಯ ಬಾಕ್ಸ್ ತಂದು ಇಳಿಸುತ್ತಾರೆ. ಬೇಡ ಎನ್ನಿ. ನೂರೈವತ್ತು ಮಂದಿಗೆ ಸ್ಟ್ಯಾಂಡಿನ ಮೇಲೆ ಎರಡು ಸಣ್ಣ ಸ್ಪೀಕರ್ ಸಾಕು. ಕೂತವರ ತಲೆಗಿಂತ ಸ್ವಲ್ಪ ಎತ್ತರಕ್ಕಿಟ್ಟು, ಹಿಂದಿನ ಸಾಲಿನ ಕಡೆಗೆ ಬಾಗಿಸಿ. ಬಯಲಿನಲ್ಲಿ ಗೋಡೆ ಇಲ್ಲ, ದನಿ ತಿರುಗಿ ಬರುವುದಿಲ್ಲ. ಅದಕ್ಕೇ ಎಲ್ಲರೂ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಏರಿಸುವ ಬದಲು ಮಂದಿಯನ್ನು ಮುಂದೆ ಕರೆಯಿರಿ. ಎಕೋ ಬೇಡವೇ ಬೇಡ, ಬೇಸ್ ಕಡಿಮೆ ಇರಲಿ. ಗಾಯಕರಿಗೆ ಒಂದು ಮೈಕ್, ಹಾರ್ಮೋನಿಯಂಗೆ ಒಂದು, ತಬಲಾ ಮತ್ತು ಅದರ ಜೋಡಿ ಡಗ್ಗಾಕ್ಕೆ ಎರಡು. ತಂಬೂರಿಗೆ ತಪ್ಪದೆ ಒಂದು ಬೇರೆ ಇಡಿ. ಎಲ್ಲರೂ ಮರೆಯುವುದು ಅದನ್ನೇ. ಮೈಕಿನ ತಲೆಗೆ ಸ್ಪಂಜಿನ ಟೊಪ್ಪಿಗೆ ಹಾಕಿಸಿ, ಇಲ್ಲದಿದ್ದರೆ ಸಂಜೆ ಗಾಳಿಗೆ ಬುಸ್ ಬುಸ್ ಎನ್ನುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಲು ಕಟ್ಟೆಯ ಮೇಲೆ ಒಂದು ಸಣ್ಣ ಸ್ಪೀಕರ್ ಬೇಕು.

ನಾನು ಈ ಕೆಲಸ ಕಲಿತದ್ದು ಯಾವ ಅಂಗಡಿಯಲ್ಲೂ ಅಲ್ಲ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಗೊತ್ತೇ ಇದೆ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ. ಹೊಸದಾಗಿ ಮೈಕ್ ಹಿಡಿದಾಗ ಒಂದು ಜಾತ್ರೆಯಲ್ಲಿ ಅಲ್ಲಿ ಕಲಿತ ಹುಡುಗರ ಹಾಡಿತ್ತು. ಹದಿಮೂರು ವರ್ಷದವನು ಒಬ್ಬ, ಕಣ್ಣು ಕಾಣದು, ಹಾಡುವ ಮೊದಲು ನನ್ನ ಕಡೆ ಮುಖ ಮಾಡಿ "ಅಣ್ಣಾ, ಎಡಗಡೆ ಬಾಕ್ಸ್ ಹರದೈತಿ, ನಿಷಾದ ನಡಗಾಕತ್ತೇತಿ" ಎಂದ. ನನಗೆ ಏನೂ ಕೇಳಿಸಿರಲಿಲ್ಲ. ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದ ಉಗುರಿನಷ್ಟು ಹರಿದಿತ್ತು. ಅವತ್ತಿನಿಂದ ಯಂತ್ರದ ದೀಪ ನೋಡುವುದನ್ನು ಬಿಟ್ಟು ಮಂದಿಯ ನಡುವೆ ಹೋಗಿ ಕೂತು ಕೇಳುತ್ತೇನೆ. ನಿಮ್ಮ ಮೈಕಿನ ಹುಡುಗನಿಗೂ ಮೂರನೇ ಸಾಲಿನಲ್ಲಿ ಒಂದು ಜಾಗ ಕೊಡಿ.

ಅನುಮತಿಗೆ ಉದ್ಯಾನ ಪಾಲಿಕೆಯದಾದರೆ ವಲಯ ಕಚೇರಿಗೆ ಅರ್ಜಿ, ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಗೆ ಅರ್ಜಿ. ಎರಡೂ ಬರಹದಲ್ಲಿ ಕೈಗೆ ಬರಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್. ನೂರು ಮೀಟರಿನೊಳಗೆ ಆಸ್ಪತ್ರೆ, ಶಾಲೆ ಇದೆಯಾ ನೋಡಿಕೊಳ್ಳಿ, ಅಂಥ ಕಡೆ ನಿಯಮ ಬಿಗಿ.

ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಗುಡುಗಿನ ಮಳೆ ಬರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ತಾಡಪತ್ರಿ ಕೈಗೆ ಸಿಗುವಂತಿರಲಿ. ಮೊದಲ ಹನಿ ಬಿದ್ದ ಕೂಡಲೇ ಕರೆಂಟ್ ತೆಗೆಸಿ, ಒಂದು ಹಾಡು ಮುಗಿಯಲಿ ಎಂದು ಕಾಯಬೇಡಿ. ಮಳೆ ನಿಂತ ಮರುದಿನ ರೆಕ್ಕೆ ಹುಳ ಏಳುತ್ತವೆ. ಬಿಳಿ ದೀಪ ಗಾಯಕರ ತಲೆಯ ಮೇಲಿದ್ದರೆ ಬಾಯಿ ತೆರೆಯಲು ಆಗುವುದಿಲ್ಲ. ದೊಡ್ಡ ದೀಪ ಇಪ್ಪತ್ತು ಹೆಜ್ಜೆ ಆಚೆ ಹಾಕಿ, ಕಟ್ಟೆಗೆ ಹಳದಿ ಬಲ್ಬ್ ಸಾಕು.

ಶಿಗ್ಗಾವಿ_ಹುಡುಗ (ಹಾವೇರಿ ಜಿಲ್ಲೆ)

ಒಂದು ಸಂಜೆ ತತ್ವಪದಕ್ಕೆ ಕೊಡಿ ಟೀಚರ್. ಶಿಶುನಾಳ ಶರೀಫರು ನಮ್ಮ ತಾಲ್ಲೂಕಿನವರು. ಹಳ್ಳಿಯ ಭಜನಾ ಮೇಳದವರು ಏಕತಾರಿ, ದಮ್ಮಡಿ, ತಾಳ ಹಿಡಿದು ಬಂದರೆ ಅವರಿಗೆ ಮೈಕೇ ಬೇಡ. ಹಿಂದುಸ್ತಾನಿ ಎಂದರೆ ದೂರ ನಿಲ್ಲುವ ಮಂದಿ ಅವತ್ತು ಬಂದು ಕೂರುತ್ತಾರೆ, ಮುಂದಿನ ಶನಿವಾರವೂ ಬರುತ್ತಾರೆ.

ವಿಡಿಯೊ ಮಾಡಿ ಹಾಕುವ ಯೋಚನೆ ಇದ್ದರೆ ಒಂದು ಮಾತು. ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶರೀಫರ ಪದ, ಇವುಗಳ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯ ಇಲ್ಲ. ಆದರೆ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಮನೆಯವರ ಕಡೆ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ. ಹಾಗಾಗಿ ಅವರ ಭಾವಗೀತೆ ಹಾಡಿಸಿ ವಿಡಿಯೊ ಹಾಕುವುದಾದರೆ ಮೊದಲು ಕೇಳಿ. ರಾಗ ಸಂಯೋಜನೆ ಮಾಡಿದವರ ಹಕ್ಕು ಮತ್ತೆ ಬೇರೆ.

ಕೇಶ್ವಾಪುರ_ಅಮ್ಮ

ಎಲ್ಲರೂ ಸಂಗೀತದ ಬಗ್ಗೆ ಹೇಳಿದ್ದೀರಿ. ನಾನು ಬರುವವರ ಬಗ್ಗೆ ಹೇಳುತ್ತೇನೆ. ನಿಮ್ಮ ಕಡೆ ನಳದ ನೀರು ಯಾವ ದಿನ ಬಿಡುತ್ತಾರೆ ಎಂದು ಮೊದಲು ಲೆಕ್ಕ ಹಾಕಿ. ನಮ್ಮ ಓಣಿಯಲ್ಲಿ ನೀರು ಬರುವ ಸಂಜೆ ಒಬ್ಬ ಹೆಣ್ಣುಮಗಳೂ ಮನೆ ಬಿಟ್ಟು ಬರುವುದಿಲ್ಲ. ಎಷ್ಟು ದೊಡ್ಡ ಗಾಯಕರು ಬಂದರೂ ಅಷ್ಟೇ, ಡ್ರಮ್ ತುಂಬಬೇಕಲ್ವಾ.

ಇನ್ನೊಂದು, ಉದ್ಯಾನದಲ್ಲಿ ಶೌಚಾಲಯ ಇದೆಯಾ? ಇಲ್ಲದಿದ್ದರೆ ಪಕ್ಕದ ಎರಡು ಮನೆಯವರನ್ನು ಮೊದಲೇ ಕೇಳಿ ಬಾಗಿಲು ತೆರೆದಿಡಲು ಹೇಳಿ. ವಯಸ್ಸಾದವರು, ಸಣ್ಣ ಮಕ್ಕಳ ತಾಯಂದಿರು, ಹಾಡಲು ಬಂದ ಹೆಣ್ಣುಮಕ್ಕಳು, ಎಲ್ಲರಿಗೂ ಬೇಕು. ಮೊಣಕಾಲು ನೋವಿನವರಿಗೆ ಬದಿಯಲ್ಲಿ ಹತ್ತಿಪ್ಪತ್ತು ಕುರ್ಚಿ ಹಾಕಿ. ಮುಂದೆ ವಿಐಪಿ ಸೋಫಾ ಮಾತ್ರ ಬೇಡ. ಜಮಖಾನೆಯ ಮೇಲೆ ಮೊದಲು ಬಂದವರು ಮುಂದೆ ಕೂರಲಿ.

ಗೋಕುಲರಸ್ತೆ_ಟೀಚರ್ (ಹುಬ್ಬಳ್ಳಿ)

ನಿಮಗೆಲ್ಲ ಎಷ್ಟು ಧನ್ಯವಾದ ಹೇಳಲಿ. ನಿನ್ನೆ ಸಂಜೆ ಹನ್ನೊಂದು ಮನೆಯವರೂ ಕೂತು ಎಲ್ಲವನ್ನೂ ಓದಿದೆವು.

ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ವಾಲ್ವ್ ತಿರುಗಿಸಲು ಬರುವ ಹುಡುಗನನ್ನೇ ಕೇಳಿದೆವು. ಪಾಳಿ ಒಂದೆರಡು ದಿನ ಹಿಂದೆ ಮುಂದೆ ಆಗುತ್ತದಂತೆ, ವಾರದ ಮೊದಲೇ ತಿಳಿಸುತ್ತೇನೆ ಎಂದಿದ್ದಾನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಪೂರ್ತಿ ಮುಗಿದ ಮೇಲೆ ಶುರು ಮಾಡುತ್ತೇವೆ. ಮೂರು ಶನಿವಾರ ಸಂಜೆ 6:30ಕ್ಕೆ, ಕೊನೆಯದು ಭಾನುವಾರ ಬೆಳಿಗ್ಗೆ. ಒಂದು ಸಂಜೆ ತತ್ವಪದಕ್ಕೇ. ವಿಡಿಯೊ ಈ ವರ್ಷ ಬೇಡ ಎಂದು ಬಿಟ್ಟೆವು. ಉದ್ಯಾನದ ಎದುರಿನ ಎರಡು ಮನೆಯವರು ಬಾಗಿಲು ತೆರೆದಿಡಲು ಒಪ್ಪಿದ್ದಾರೆ. ಒಬ್ಬರು ಮಡಿಕೆಯಲ್ಲಿ ನೀರು, ಮಜ್ಜಿಗೆ ಇಡುತ್ತಾರೆ.

ದುಡ್ಡು ಮನೆಗೆ ಇಷ್ಟು ಎಂದು ಗೊತ್ತು ಮಾಡಿಲ್ಲ, ಆದಷ್ಟು ಕೊಡಿ ಎಂದೆವು. ಕಲಾವಿದರ ಪಾಲು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಮೈಕು, ದೀಪ. ತಬಲಾ ಸರ್, ಸಾಥಿಯವರಿಗೆ ಬೇರೆ ಲಕೋಟೆ ಖಂಡಿತ.

ಇವತ್ತು ಬೆಳಿಗ್ಗೆ ಹೋದ ವರ್ಷದ ಗಾಯಕಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು, ಬರುವುದಿಲ್ಲ ಎಂದರೆ ಅದು ಅವರ ತಪ್ಪಲ್ಲ. ಮೊದಲು ದುಡ್ಡಿನ ಮಾತು ಆಡಿದೆ, ಆಮೇಲೆ ದಿನ ಹೇಳಿದೆ. ಎಷ್ಟು ಹೊತ್ತು ಹಾಡಬೇಕು ಎಂದು ಕೇಳಿದರು. "ಎರಡು ತಾಸು ನಿಮ್ಮವೇ, ಭಾಷಣ ಇಲ್ಲ, ಚೀಟಿ ಇಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಹಂಗಾದ್ರ ಮಾರವಾದಿಂದ ಸುರು ಮಾಡ್ಲೇನ್ರಿ?" ಎಂದರು.

ಇನ್ನು ಜಮಖಾನೆ. ನಮ್ಮಲ್ಲಿ ಮೂರಿವೆ. ಒಂದು ನವಲಗುಂದದ್ದು, ಅಪ್ಪನ ಕಾಲದ್ದು, ಅದನ್ನು ಕಟ್ಟೆಯ ಮೇಲೆ ಹಾಸುತ್ತೇವೆ. ಕೂರುವವರಿಗೆ ಇನ್ನೂ ನಾಲ್ಕು ಬೇಕು. ಗೋಕುಲ ರಸ್ತೆಯ ಆಸುಪಾಸು ಯಾರ ಮನೆಯಲ್ಲಾದರೂ ದೊಡ್ಡವು ಇದ್ದರೆ ಇಲ್ಲೇ ತಿಳಿಸಿ. ನಾವೇ ಬಂದು ಒಯ್ಯುತ್ತೇವೆ, ಝಾಡಿಸಿ ಬಿಸಿಲಿಗೆ ಹಾಕಿ ವಾಪಸ್ ತಂದುಕೊಡುತ್ತೇವೆ.